ಇನ್ನೊಂದು ಹೊಸಹಳ್ಳಿಯ ದಿಬ್ಬಣ

ಹೋದ ತಿಂಗಳು ಮೊಮ್ಮಗಳ ಕಾರಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆವು. ದಾರಿ ಹೇಳುತ್ತಿದ್ದುದು ಅವಳ ಫೋನು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಹೇಳುತ್ತ ಬಂದು, ಒಂದು ಬೇವಿನ ಮರದ ಕೆಳಗೆ, ಊರು ಬಂತು ಇಳಿಯಿರಿ ಎಂಬಂತೆ ಸುಮ್ಮನಾಯಿತು. ನಾನು ಇಳಿಯಲಿಲ್ಲ. ಗಾಜು ಇಳಿಸಿ, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸನ್ನು ಕೇಳಿದೆ.

"ಇದು ಯಾವ ಹೊಸಹಳ್ಳಿ ಅವ್ವಾ?"

ಮೊಮ್ಮಗಳಿಗೆ ಅವಮಾನವಾಯಿತು. "ಅಜ್ಜೀ, ಫೋನು ಸುಳ್ಳು ಹೇಳುತ್ತಾ?" ಎಂದಳು.

"ಫೋನು ಹೇಳಲ್ಲ ಮಗಾ. ಹೊಸಹಳ್ಳಿ ಹೇಳುತ್ತೆ" ಎಂದೆ.

ನನ್ನ ಈ ಚಾಳಿಗೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಬಸ್ಸಿನ ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಸೀಟಿನಲ್ಲಿ ಕೂತ ಮೇಲೆ ಪಕ್ಕದವರನ್ನೂ ಕೇಳುವವಳು ನಾನು. ಪಕ್ಕದವರು ಹೌದೆಂದರೂ, ಅವರಿಗೆ ಎಷ್ಟು ಗೊತ್ತಿದ್ದೀತು ಎಂದು ಹಿಂದಿನ ಸೀಟಿನ ಕಡೆ ತಿರುಗುತ್ತೇನೆ. ಇದು ವಯಸ್ಸಿನ ಅನುಮಾನವಲ್ಲ. ಮದುವೆಯಾದ ಹೊಸದರಲ್ಲೇ ಹತ್ತಿದ್ದು.

ನಾನು ಸೊಸೆಯಾಗಿ ಹೋದ ಹೊಸಹಳ್ಳಿ ಅಜ್ಜಂಪುರದ ಹತ್ತಿರದ್ದು. ಹೆಸರಿಗೆ ಹೊಸದು ಅಷ್ಟೆ. ನಮ್ಮ ಅತ್ತೆ ಗಂಗಮ್ಮನವರು ಹೇಳುತ್ತಿದ್ದ ಪ್ರಕಾರ, ಅವರ ಅತ್ತೆಯ ಕಾಲದಲ್ಲಿ ಪ್ಲೇಗು ಬಂದು, ಅಟ್ಟದಿಂದ ಇಲಿಗಳು ಉದುರತೊಡಗಿದಾಗ ಊರಿಗೆ ಊರೇ ಎದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತಂತೆ. ಕಾಯಿಲೆ ಹೋದ ಮೇಲೂ ಹಿಂತಿರುಗಲು ಯಾರಿಗೂ ಮನಸ್ಸಾಗಲಿಲ್ಲ. ಬಿಟ್ಟ ಊರು ಹಾಳೂರಾಯಿತು, ಗುಡಿಸಲಿದ್ದ ಜಾಗ ಹೊಸಹಳ್ಳಿಯಾಯಿತು. ಹಾಳೂರಿನಲ್ಲಿ ಉಳಿದಿದ್ದು ಒಂದು ಮುಚ್ಚಿಹೋದ ಬಾವಿ, ಕೊಂಬು ಮುರಿದ ಒಂದು ಕಲ್ಲು ಬಸವಣ್ಣ, ಮಿಕ್ಕಿದ್ದೆಲ್ಲ ಅವರೆ ಹೊಲ. ವರ್ಷಕ್ಕೊಮ್ಮೆ ಊರವರೆಲ್ಲ ಅಲ್ಲಿಗೆ ಹೋಗಿ, ಬಸವಣ್ಣನಿಗೆ ಎಣ್ಣೆ ಸವರಿ, ಅಲ್ಲೇ ಒಲೆ ಹೂಡಿ ಉಂಡು ಬರುತ್ತಿದ್ದೆವು. ನಾನು ಮೊದಲ ಸಲ ಹೋದಾಗ ಅತ್ತೆ ಅವರೆ ಗಿಡಗಳ ನಡುವೆ ನಿಂತು, "ಇದೇ ಕಣೇ ನಮ್ಮ ಅಡುಗೆಮನೆ. ಅಗೋ ಅಲ್ಲಿ ಬಚ್ಚಲು" ಎಂದು ತೋರಿಸಿದ್ದರು. ಅವರು ಆ ಅಡುಗೆಮನೆಯನ್ನು ಕಣ್ಣಾರೆ ಕಂಡವರಲ್ಲ. ಆದರೂ ಬಚ್ಚಲಿದ್ದ ಕಡೆ ಕಾಲಿಡುವಾಗ ಸೀರೆ ಸ್ವಲ್ಪ ಎತ್ತಿ ಹಿಡಿದಿದ್ದರು.

ಹೀಗೆ ಹೆದರಿ ಓಡಿದ ಊರುಗಳಿಗೆಲ್ಲ ಹೊಸ ಹೆಸರು ಹುಡುಕುವ ಪುರುಸೊತ್ತು ಎಲ್ಲಿತ್ತು? ತರೀಕೆರೆ ಕಡೆ ಒಂದು ಹೊಸಹಳ್ಳಿ, ಹಿರೇನಲ್ಲೂರಿನ ಕಡೆ ಒಂದು, ನನ್ನ ತವರಿನ ಪಕ್ಕದಲ್ಲಿ, ಸಖರಾಯಪಟ್ಟಣದ ಹತ್ತಿರ ಮತ್ತೊಂದು. ಯಾವುದಕ್ಕೆ ಹೋದರೂ ಊರ ಮುಂದೆ ಕೆರೆ ಇರುತ್ತದೆ, ಏರಿಯ ಕೆಳಗೆ ಬಸವಣ್ಣನ ಗುಡಿ ಇರುತ್ತದೆ. ಅಪರಿಚಿತರಿಗೆ ಗುರುತು ಸಿಗುವುದು ಕಷ್ಟ.

ನಮ್ಮ ಹೊಸಹಳ್ಳಿಗೆ ಮಾತ್ರ ಒಂದು ವಿಶೇಷವಿತ್ತು. ಅಲ್ಲಿ ಎರಡು ಕೇರಿ, ಎರಡು ಪಕ್ಷ. ಮೇಲಿನ ಕೇರಿಗೆ ನಮ್ಮ ಮಾವ ಬಸಪ್ಪನವರು ಯಜಮಾನರು. ಕೆಳಗಿನ ಕೇರಿಗೆ ಹಾಲಪ್ಪಜ್ಜ. ಇಬ್ಬರೂ ಒಂದೇ ಮಠದ ಶಿಷ್ಯರು, ಒಂದೇ ಶಾಲೆಯಲ್ಲಿ ಒಂದೇ ಮೇಷ್ಟ್ರ ಕೈಲಿ ಏಟು ತಿಂದವರು. ಆದರೆ ಮಾತು ಬಿಟ್ಟು ಎಷ್ಟು ವರ್ಷವಾಗಿತ್ತೋ ಅವರಿಗೇ ಮರೆತಿತ್ತು. ಕಾರಣ ಕೇಳಿದರೆ ಅತ್ತೆ ಒಂದು ಸಲ ಕೆರೆ ತೂಬು ಎನ್ನುತ್ತಿದ್ದರು, ಇನ್ನೊಂದು ಸಲ ಶಾಲೆ ಕಟ್ಟುವ ಜಾಗ ಎನ್ನುತ್ತಿದ್ದರು. ಎದುರೆದುರು ಕೂತರೂ ಅವರ ಮಾತು ಮೂರನೆಯವರ ಮೂಲಕವೇ ಸಾಗಬೇಕು. "ಆ ಯಜಮಾನ್ರಿಗೆ ಹೇಳಪ್ಪಾ" ಎಂದು ಒಬ್ಬರು, "ಅವ್ರಿಗೇ ತಿಳೀಬೇಕಲ್ಲಪ್ಪಾ" ಎಂದು ಇನ್ನೊಬ್ಬರು. ನಡುವೆ ಸಿಕ್ಕವನ ಪಾಡು ಯಾರಿಗೂ ಬೇಡ.

ಎಪ್ಪತ್ತರ ದಶಕದ ನಡುವಿನಲ್ಲಿ ಆ ಊರಿಗೆ ಕರೆಂಟು ಬಂತು. ಮೊದಲ ಕಂಬ ಯಾರ ಕೇರಿಯಲ್ಲಿ ಎಂಬ ಜಗಳ ಬೇಸಾಯದ ಕೆಲಸವನ್ನೆಲ್ಲ ನಿಲ್ಲಿಸಿ ನಡೆಯಿತು. ಕೊನೆಗೆ ಎರಡೂ ಕೇರಿಗೆ ಸಮನಾಗಿದ್ದ ಬಸವಣ್ಣನ ಗುಡಿಯ ಮುಂದೆ ಕಂಬ ನೆಟ್ಟು, ಗುಡಿಯ ಗೋಡೆಗೆ ಒಂದು ಸ್ವಿಚ್ಚು ಹಾಕಿದರು. ಅದನ್ನು ಒತ್ತಲು ಇಲಾಖೆಯ ದೊಡ್ಡ ಸಾಹೇಬರು ಬರುವುದೆಂದಾಯಿತು. ಒತ್ತುವ ಕೈ ಹೊರಗಿನದಾದರೆ ಎರಡು ಕೇರಿಗೂ ತಕರಾರಿಲ್ಲ.

ಆ ದಿನ ಬೆಳಿಗ್ಗೆ ಗುಡಿಯ ಮುಂದೆ ಚಪ್ಪರ, ಬಾಳೆಕಂದು, ಮಾವಿನ ತೋರಣ. ಅಜ್ಜಂಪುರದಿಂದ ವಾಲಗದವರನ್ನು ಕರೆಸಿದ್ದರು. ನಾನು ಆ ಮನೆಗೆ ಹೋಗಿ ಆರು ತಿಂಗಳು ತುಂಬಿರಲಿಲ್ಲ. ಸಾಹೇಬರ ಉಪ್ಪಿಟ್ಟಿನ ಜವಾಬ್ದಾರಿ ನನಗೆ ಬಿದ್ದಿತ್ತು. ಗಾಬರಿಯಲ್ಲಿ ಉಪ್ಪನ್ನು ಎರಡು ಸಲ ಹಾಕಿದೆನೋ ಎಂಬ ಅನುಮಾನ ಹತ್ತಿ, ರುಚಿ ನೋಡುವ ಹಾಗೂ ಇಲ್ಲದೆ, ಆರತಿ ತಟ್ಟೆ ಹಿಡಿದು ಅತ್ತೆಯ ಹಿಂದೆ ನಿಂತಿದ್ದೆ.

ಬಿಸಿಲು ಏರುವ ಮುಂಚೆಯೇ ಏರಿಯ ಮೇಲೆ ಧೂಳೆದ್ದಿತು. ಮುಂದೆ ಒಂದು ಅಂಬಾಸಡರ್ ಕಾರು, ಹಿಂದೆ ಒಂದು ಲಾರಿ ತುಂಬ ಜನ. ಸಾಹೇಬರು ಇಷ್ಟೊಂದು ಸಿಬ್ಬಂದಿಯನ್ನು ಕಟ್ಟಿಕೊಂಡು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ವಾಲಗ ಶುರುವಾಯಿತು. ಲಾರಿ ಜನರನ್ನು ಇಳಿಸಿ, ಬೇರೆ ಕಡೆ ಲೋಡು ಹೊರುವುದಿದೆಯೆಂದು ಹಿಂದಿರುಗಿ ಹೊರಟೇ ಹೋಯಿತು. ಕಾರಿನಿಂದ ಕೋಟು, ಪೇಟ ತೊಟ್ಟ ದೊಡ್ಡ ಮನುಷ್ಯರೊಬ್ಬರು ಇಳಿದರು. ಮಾವ ಒಂದು ಹಾರ, ಹಾಲಪ್ಪಜ್ಜ ಒಂದು ಹಾರ ಹಾಕಿದರು.

"ಬನ್ನಿ ಸ್ವಾಮಿ. ಬೆಳಿಗ್ಗೆಯಿಂದ ನಿಮ್ಮ ದಾರೀನೇ ಕಾಯ್ತಾ ಇದ್ವಿ" ಎಂದರು ಮಾವ.

"ದಾರೀಲಿ ಒಸಿ ತಡ ಆಯ್ತು, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದರು ಬಂದವರು. ಇಷ್ಟು ಮರ್ಯಾದೆಗೆ ಅವರ ಕಣ್ಣು ಒದ್ದೆಯಾಗಿತ್ತು.

ನಾನು ಆರತಿ ಎತ್ತಿದೆ. ಎಲ್ಲರಿಗೂ ಉಪ್ಪಿಟ್ಟು ಕೊಟ್ಟರು. ಅವರು ತಿಂದು, ನೀರು ಕೇಳಿ ಕುಡಿದು, ಮತ್ತೆ ನೀರು ಕೇಳಿದರು. ಆಮೇಲೆ ಮಾವ ಅವರನ್ನು ಸ್ವಿಚ್ಚಿನ ಹತ್ತಿರ ಕರೆದುಕೊಂಡು ಹೋಗಿ, "ಇದನ್ನ ತಾವು ಒತ್ತಬೇಕು" ಎಂದರು.

ಆ ದೊಡ್ಡ ಮನುಷ್ಯರು ಸ್ವಿಚ್ಚನ್ನು ನೋಡಿದರು, ಮಾವನನ್ನು ನೋಡಿದರು. ಈ ಸೀಮೆಯ ಶಾಸ್ತ್ರವಿರಬೇಕೆಂದುಕೊಂಡರೇನೋ. "ಇದು ಮುಹೂರ್ತಕ್ಕೆ ಮುಂಚೇನೋ, ಆಮೇಲೋ?" ಎಂದು ಮೆಲ್ಲಗೆ ಕೇಳಿದರು.

"ತಾವು ಒತ್ತಿದ್ದೇ ಮುಹೂರ್ತ" ಎಂದರು ಮಾವ.

ಅಷ್ಟರಲ್ಲಿ ಕಾರಿನಿಂದ ಇಳಿದಿದ್ದ ಒಬ್ಬ ಮುದುಕಿ ನಮ್ಮ ಅತ್ತೆಯ ಮುಂದೆ ಬಂದು ನಿಂತು, "ಶಾಸ್ತ್ರ ಎಲ್ಲಾ ಆಮ್ಯಾಲೆ ಆಗ್ಲಿ. ಮೊದ್ಲು ನಮ್ ಹೆಣ್ಣನ್ನ ತೋರ್ಸಿ ತಾಯಿ" ಎಂದರು.

"ಯಾವ ಹೆಣ್ಣು?" ಎಂದರು ಅತ್ತೆ.

"ಇನ್ಯಾವ ಹೆಣ್ಣು, ಚನ್ನಬಸಪ್ಪನ ಮಗಳು. ಅಗೋ ನೋಡಿ, ನನ್ ಮೊಮ್ಮಗ."

ಕಾರಿನ ಆ ಬದಿಯಲ್ಲಿ ಜರಿ ಪೇಟ ಸುತ್ತಿಕೊಂಡು, ತಲೆ ತಗ್ಗಿಸಿ ಒಬ್ಬ ಮದುವಣಿಗ ನಿಂತಿದ್ದ. ವಾಲಗ ತಾನಾಗಿಯೇ ನಿಂತಿತು.

"ನಮ್ಮೂರಲ್ಲಿ ಚನ್ನಬಸಪ್ಪ ಅನ್ನೋರು ಯಾರೂ ಇಲ್ವಲ್ಲಾ ಸ್ವಾಮಿ" ಎಂದರು ಮಾವ. ಯಾರಿಗೂ ನಗು ಬರಲಿಲ್ಲ. ಈಗ ನೆನೆಸಿಕೊಂಡರೆ ಬರುವ ನಗು ಆಗ ಎಲ್ಲಿ ಹೋಗಿತ್ತೋ.

ಆಗಿದ್ದು ಇಷ್ಟು. ಅವರು ಹೊಸದುರ್ಗದ ಕಡೆಯವರು. ಹೆಣ್ಣು ನೋಡಿದ್ದು ಕಡೂರಿನಲ್ಲಿ, ಹುಡುಗಿಯ ಸೋದರಮಾವನ ಮನೆಯಲ್ಲಿ. ನಿಶ್ಚಿತಾರ್ಥ ನಡೆದದ್ದು ಗಂಡಿನ ಮನೆಯಲ್ಲಿ. ಹೆಣ್ಣಿನ ಊರನ್ನು ಕಂಡವರು ಯಾರೂ ಇಲ್ಲ. ದಾರಿ ತೋರಿಸಲು ಬೀರೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಆಳು ನಿಂತಿರುತ್ತಾನೆ ಎಂದು ಬೀಗರು ಹೇಳಿದ್ದರು. ಆದರೆ ಲಾರಿಯವನು ಅಜ್ಜಂಪುರದಲ್ಲಿ ಚಹಾ ಕುಡಿಯುತ್ತ, ಹೊಸಹಳ್ಳಿ ಎಷ್ಟು ದೂರ ಎಂದು ಕೇಳಿದ. ಇಲ್ಲೇ ಹತ್ತಿರ, ಚಪ್ಪರ ಹಾಕಿದ್ದಾರೆ, ವಾಲಗವೂ ಹೋಯಿತು ಎಂದು ಅಲ್ಲಿಯವರು ನಿಜವನ್ನೇ ಹೇಳಿದರು. ಬೀರೂರಿಗೆ ಯಾಕೆ ಹೋಗಬೇಕು ಎಂದು ಲಾರಿ ಇತ್ತ ತಿರುಗಿತು, ಕಾರೂ ಅದರ ಜೊತೆಗೆ ತಿರುಗಿತು. ಎದುರುಗೊಂಡವರಲ್ಲಿ ಚನ್ನಬಸಪ್ಪನವರು ಕಾಣದಿದ್ದಾಗ, ಒಳಗೆ ಯಾವುದೋ ಶಾಸ್ತ್ರದಲ್ಲಿರಬೇಕು ಎಂದುಕೊಂಡರಂತೆ.

ಗಂಡಿನ ತಂದೆ ಹಾರಗಳ ಸಮೇತ ಗುಡಿಯ ಮೆಟ್ಟಿಲ ಮೇಲೆ ಕುಸಿದು ಕೂತರು. "ಮಧ್ಯಾಹ್ನದೊಳಗೆ ಮುಹೂರ್ತ. ಆ ಹುಡುಗಿ ಗತಿ ಏನಪ್ಪಾ" ಎಂದರು. ಮೊದಲು ಅವರ ಬಾಯಿಂದ ಬಂದದ್ದು ಮಗನ ಮಾತಲ್ಲ, ಆ ಹುಡುಗಿಯ ಮಾತು. ಅದು ನನ್ನ ಮನಸ್ಸಿನಲ್ಲಿ ಇನ್ನೂ ಹಾಗೇ ಇದೆ.

ಯಾವ ಹೊಸಹಳ್ಳಿ ಎಂದು ಪಂಚಾಯಿತಿ ಶುರುವಾಯಿತು. ಮೇಲಿನ ಕೇರಿಯವರು ತರೀಕೆರೆ ಕಡೆಯದು ಎಂದರು. ಅದಕ್ಕೇ ಕೆಳಗಿನ ಕೇರಿಯವರು ಹಿರೇನಲ್ಲೂರಿನದು ಎಂದರು. ಮುದುಕಿ ಮಾತ್ರ, ಆ ಗದ್ದಲದಲ್ಲಿ ಯಾರೂ ಕಿವಿಗೊಡದಿದ್ದರೂ, ತಮಗೆ ಗೊತ್ತಿದ್ದುದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಹುಡುಗಿ ಹೆಸರು ಶಾರದ, ಮನೆ ಮುಂದೆ ಜೋಡಿ ಹುಣಸೆ ಮರ, ಸಖರಾಯಪಟ್ಟಣದ ಹೈಸ್ಕೂಲಿಗೆ ನಡೆದು ಹೋಗಿ ಓದಿದವಳು.

ತಟ್ಟೆಯನ್ನು ಗುಡಿಯ ಕಟ್ಟೆಯ ಮೇಲಿಟ್ಟೆ. ಜೋಡಿ ಹುಣಸೆ ಮನೆಯ ಶಾರದ. ನನಗಿಂತ ಎರಡು ಕ್ಲಾಸು ಕೆಳಗೆ. ನಮ್ಮೂರ ಹುಡುಗಿಯರು, ಅವರೂರ ಹುಡುಗಿಯರು ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಒಟ್ಟಿಗೇ ಶಾಲೆಗೆ ಹೋಗುತ್ತಿದ್ದೆವು. ಮಳೆ ಬಂದರೆ ತಲೆಗೆ ಹೊದೆಯುವ ಒಂದೇ ಗರಿಯ ಗೊರಗದೊಳಗೆ ಇಬ್ಬರು.

ಅತ್ತೆಯ ಕಿವಿಯಲ್ಲಿ ಹೇಳಿದೆ. ಅತ್ತೆ ನನ್ನ ಮುಖ ನೋಡಿ, "ನಂಗ್ಯಾಕೆ ಹೇಳ್ತೀಯಾ, ಅವ್ರಿಗೆ ಹೇಳು" ಎಂದು ನನ್ನನ್ನು ಮುಂದಕ್ಕೆ ತಳ್ಳಿದರು. ಆರು ತಿಂಗಳಲ್ಲಿ ನಾನು ಮಾವನ ಎದುರು ಆಡಿದ್ದ ಮಾತೆಂದರೆ, ನೀರು ಕಾದಿದೆ, ಊಟಕ್ಕೆ ಏಳಿ, ಇಷ್ಟೆ. ಈಗ ಎರಡು ಕೇರಿಯ ಗಂಡಸರು ನನ್ನನ್ನೇ ನೋಡುತ್ತಿದ್ದರು.

"ಆ ಮನೆ ನಂಗೊತ್ತು" ಎಂದೆ. ಧ್ವನಿ ಹೊರಟಿತೋ ಇಲ್ಲವೋ ಎಂದು ಇನ್ನೊಮ್ಮೆ, ಅಗತ್ಯಕ್ಕಿಂತ ಗಟ್ಟಿಯಾಗಿ ಹೇಳಿದೆ. "ಸಖರಾಯಪಟ್ಟಣದ ಹತ್ರ. ನಮ್ ತವರೂರಿನ ಪಕ್ಕ. ಶಾರದ ನಂಗೆ ಗೊತ್ತು."

ಆಮೇಲಿನ ಕೆಲಸ ಚುರುಕಾಗಿ ನಡೆಯಿತು. ಮದುವಣಿಗ, ಅವನ ತಂದೆ ತಾಯಿ, ಅಜ್ಜಿ ಕಾರಿನಲ್ಲಿ ಮೊದಲು ಹೋಗುವುದು. ದಾರಿ ತೋರಿಸಲು ನಾನು. ಉಳಿದ ದಿಬ್ಬಣ, ವಾಲಗದವರ ಸಮೇತ, ಹಾಲಪ್ಪಜ್ಜನ ಟ್ರಾಕ್ಟರಿನಲ್ಲಿ. ಟ್ರಾಕ್ಟರ್ ಕೊಡಿ ಎಂದು ಅಜ್ಜನನ್ನು ಯಾರೂ ಕೇಳಬೇಕಾಗಲಿಲ್ಲ. ಎಲ್ಲರೂ ಮಾತಾಡುತ್ತಿರುವಾಗಲೇ ಅವರ ಮಗ ಟ್ರೇಲರಿಗೆ ಹುಲ್ಲು ಹಾಸಿ ಜಮಖಾನ ಹರಡಿದ್ದ.

ಗಂಡಿನ ತಂದೆ ಕೈಮುಗಿದು, "ನಿಮ್ಮೂರಿನ ಒಬ್ಬ ದೊಡ್ಡೋರು ಜೊತೇಲಿ ಬನ್ನಿ. ಹಿಂಗಾಯ್ತು ಅಂತ ನಾವೇ ಹೇಳಿದ್ರೆ ಬೀಗರು ನಂಬಲ್ಲ" ಎಂದರು. ಮಾವ ಹೆಗಲ ಮೇಲೆ ಟವಲು ಹಾಕಿಕೊಂಡು ಹೊರಟರು. ಹಾಲಪ್ಪಜ್ಜ ಆಕಾಶ ನೋಡುತ್ತ, "ಊರಿನ ಮಾತು ಅಂದ್ಮೇಲೆ ಒಂದು ಕೇರಿಯಿಂದ ಹೋದ್ರೆ ಸಾಕೇನಪ್ಪಾ" ಎಂದು ಅವರೂ ಹೊರಟರು.

ಹಾಗಾಗಿ ಅಂಬಾಸಡರಿನ ಮುಂದಿನ ಸೀಟಿನಲ್ಲಿ ಡ್ರೈವರಿನ ಪಕ್ಕ ನಮ್ಮ ಮಾವ, ಅವರಿಗೆ ಅಂಟಿಕೊಂಡು ಹಾಲಪ್ಪಜ್ಜ. ಹಿಂದೆ ಗಂಡಿನ ಮನೆಯ ನಾಲ್ವರು, ಅಜ್ಜಿಯ ತೊಡೆಯ ಮೇಲೆ ಅರ್ಧ ನಾನು. ಹಳ್ಳ ಬಂದಾಗಲೆಲ್ಲ ಮುಂದಿನ ಇಬ್ಬರು ಯಜಮಾನರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ತಕ್ಷಣ ಬಿಡಿಸಿಕೊಳ್ಳುತ್ತಿದ್ದರು.

"ತಾಯಿ, ನಿಮ್ ಮಾವಂಗೆ ಒಸಿ ಸರ್ಕೊಳ್ಳಕ್ಕೆ ಹೇಳವ್ವಾ" ಎಂದರು ಹಾಲಪ್ಪಜ್ಜ.

"ಈ ಕಡೆ ಸರಿದ್ರೆ ಗೇರಿಗೆ ಮೊಣಕಾಲು ತಗಲುತ್ತೆ ಅಂತ ಅವ್ರಿಗೇ ತಿಳೀಬೇಕು" ಎಂದರು ಮಾವ.

ನಾನು ಎರಡನ್ನೂ ತಲುಪಿಸಲಿಲ್ಲ. ಮದುವಣಿಗ ಮಾತ್ರ ಮೊದಲ ಸಲ ತಲೆಯೆತ್ತಿ ನಕ್ಕ. ಒಳ್ಳೆಯ ನಗು. ಶಾರದನಿಗೆ ಆದೀತು ಎಂದುಕೊಂಡೆ.

ಇಲ್ಲಿ ನಡುವೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆಯುತ್ತದೆ. ನಾವು ಹೋದ ಮೇಲೆ ನಿಜವಾದ ಸಾಹೇಬರು ಜೀಪಿನಲ್ಲಿ ಬಂದರಂತೆ. ಊರಿನಲ್ಲಿ ಹೇಳಿಕೊಳ್ಳುವಂಥ ಗಂಡಸರೇ ಇಲ್ಲ. ವಾಲಗವಿಲ್ಲ, ಹಾರವಿಲ್ಲ, ಉಪ್ಪಿಟ್ಟಂತೂ ಮುಗಿದಿತ್ತು, ಅದು ಅವರ ಪುಣ್ಯ. ಅತ್ತೆಯೇ ಎದುರು ಹೋಗಿ ವಿಷಯ ಹೇಳಿ, ಮಜ್ಜಿಗೆ ಕೊಟ್ಟರು. ಸಾಹೇಬರು ಒಳ್ಳೆಯವರು. ಹೊಟ್ಟೆ ಹಿಡಿದುಕೊಂಡು ನಕ್ಕು, "ಇಂಥ ದಿನ ನಾನ್ಯಾಕಮ್ಮಾ, ನೀವೇ ಒತ್ತಿ" ಎಂದರಂತೆ. ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸ್ವಿಚ್ಚು ಒತ್ತಿದರು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಬಲ್ಬು ಹತ್ತಿದ್ದು ಯಾರಿಗೂ ಸರಿಯಾಗಿ ಕಾಣಲಿಲ್ಲ. ಹೆಂಗಸರೆಲ್ಲ ಕೈಯನ್ನು ಹಣೆಗೆ ಅಡ್ಡ ಹಿಡಿದು ಕಂಬದ ಕೆಳಗೆ ನಿಂತು, ಹತ್ತಿದೆ, ಇಲ್ಲ ಕಣೇ, ಹತ್ತಿದೆ ಎಂದು ವಾದ ಮಾಡಿದರಂತೆ.

ನಮಗೆ ಬೀರೂರಿನಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಕಾರು ನಿಂತಿತು. ರೈಲಿನ ಸುಳಿವೇ ಇಲ್ಲ. ಗಂಡಿನ ತಂದೆ ಕಣ್ಣು ಮುಚ್ಚಿಕೊಂಡು ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತರು. ಹಾಲಪ್ಪಜ್ಜ ಇಳಿದು ಹೋಗಿ ಗೇಟಿನವನಿಗೆ ಹೇಳಿದರು.

"ಒಂದು ಹುಡುಗಿ ಮದುವೆ ನಿಂತು ಹೋಗುತ್ತೆ ಕಣಪ್ಪಾ. ಒಂದ್ ಗಳಿಗೆ ಎತ್ತು."

"ಎತ್ತಿದ್ರೆ ನನ್ ಸಂಸಾರ ನಿಂತು ಹೋಗುತ್ತೆ ಕಣಜ್ಜಾ. ಬತ್ತಾ ಐತೆ, ಸುಮ್ನೆ ನಿಂತ್ಕೊ" ಎಂದ ಅವನು.

ಅಜ್ಜ ಬಂದು ಕಾರಿಗೆ ಒರಗಿ ನಿಂತರು. ಮಾವ ಕಿಟಕಿಯಿಂದಲೇ ತಮ್ಮ ಎಲೆಯಡಿಕೆ ಚೀಲವನ್ನು ಹೊರಗೆ ಹಿಡಿದರು. ಯಾರಿಗೆ ಎಂದು ಹೇಳಲಿಲ್ಲ. ಅಜ್ಜ ಅದರಿಂದ ಒಂದು ಎಲೆ ತೆಗೆದುಕೊಂಡು, ಸುಣ್ಣ ಸವರುತ್ತ ಹಳಿಯನ್ನೇ ನೋಡಿದರು. ಗೂಡ್ಸು ಗಾಡಿ ಬಂತು. ಅಷ್ಟು ಉದ್ದದ ಗಾಡಿಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಕಡೂರು ದಾಟಿ ತೆಂಗಿನ ತೋಟಗಳು ಶುರುವಾದ ಮೇಲೆ ದಾರಿಯೆಲ್ಲ ನನ್ನದೇ. ಇಲ್ಲಿ ಎಡಕ್ಕೆ, ಅಲ್ಲಿ ಕೆರೆ ಕೋಡಿ, ನಿಧಾನ ಎಂದು ಡ್ರೈವರಿಗೆ ಹೇಳುತ್ತ ಬಂದೆ. ಧ್ವನಿ ಈಗ ತಾನಾಗಿಯೇ ಹೊರಡುತ್ತಿತ್ತು.

ಆ ಹೊಸಹಳ್ಳಿಯಲ್ಲಿ ಬೆಳಿಗ್ಗೆಯಿಂದ ಏನಾಗಿತ್ತು ಎಂಬುದನ್ನು ಶಾರದ ಆಮೇಲೆ ನನಗೆ ಹೇಳಿದಳು. ಬೀರೂರಿನಲ್ಲಿ ಕಾದಿದ್ದ ಆಳು ಒಬ್ಬನೇ ಹಿಂದಿರುಗಿ ಬಂದ. ಗಂಡು ಓಡಿಹೋದನಂತೆ ಎಂದು ಯಾರೋ ಅಂದರು. ಗಂಟೆ ಕಳೆಯುತ್ತಿದ್ದಂತೆ ಅದೇ ನಿಜವಾಯಿತು. ಹಸೆಗೆ ಕೂರಬೇಕಾದ ಹುಡುಗಿಯ ಮುಹೂರ್ತ ತಪ್ಪಬಾರದೆಂದು ದೊಡ್ಡವರು ಸೇರಿ, ಮದುವೆಗೆಂದು ಕಡೂರಿನಿಂದ ಬಂದಿದ್ದ ಒಬ್ಬ ದೂರದ ನೆಂಟನನ್ನು ಒಪ್ಪಿಸಿದರು. ಹೆಂಡತಿ ತೀರಿಕೊಂಡಿದ್ದ, ಶಾರದನ ಎರಡರಷ್ಟು ವಯಸ್ಸಿನ, ಸಾಧು ಮನುಷ್ಯ. ಉಂಡು ಹೋಗಲು ಬಂದವನಿಗೆ ಬಚ್ಚಲಲ್ಲಿ ನೀರು ಕಾಯಿಸಿ, ಸ್ನಾನ ಮಾಡಿ ಬಾ ಎಂದಿದ್ದರು. ಅವನು ಬಚ್ಚಲ ಬಾಗಿಲು ಹಾಕಿಕೊಂಡು, ನೀರು ಹೊಯ್ದುಕೊಳ್ಳದೆ ಸುಮ್ಮನೆ ಕೂತಿದ್ದನಂತೆ. ಆ ದಿನ ನಿರಾಳವಾದವರಲ್ಲಿ ಮೊದಲಿಗ ಅವನೇ. ಊಟದ ಪಂಕ್ತಿಯಲ್ಲಿ ಅವನಷ್ಟು ಉತ್ಸಾಹದಿಂದ ಪಾಯಸ ಬಡಿಸಿದವರು ಬೇರೆ ಇರಲಿಲ್ಲ.

ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ನಮ್ಮ ಕಾರು ಜೋಡಿ ಹುಣಸೆ ಮರದ ಕೆಳಗೆ ನಿಂತಾಗ ಚಪ್ಪರದಲ್ಲಿ ಜನವಿತ್ತು, ಸದ್ದಿರಲಿಲ್ಲ. ಶಾರದನ ತಂದೆ ಚನ್ನಬಸಪ್ಪನವರು ಬಾಗಿಲಲ್ಲಿ ನಿಂತಿದ್ದರು. ಬೀಗರ ಕಾಲಿಗೆಂದು ತುಂಬಿಟ್ಟಿದ್ದ ತಾಮ್ರದ ಕೊಡ ಅಲ್ಲೇ ಇತ್ತು. ಎಲ್ಲಿದ್ದಿರಿ, ಯಾಕೆ ತಡವಾಯಿತು, ಒಂದು ಮಾತೂ ಇಲ್ಲ. ಕೊಡ ಎತ್ತಿಕೊಂಡು ಬಂದು, ಕಾರಿನಿಂದ ಮೊದಲು ಇಳಿದವರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತರು. ಮೊದಲು ಇಳಿದವರು ಹಾಲಪ್ಪಜ್ಜ.

"ನಾವು ಗಂಡಿನ ಕಡೆಯೋರಲ್ಲ ಕಣ್ರೀ. ನಾವು ಬ್ಯಾರೆ ಹೊಸಹಳ್ಳಿಯೋರು" ಎಂದರು ಅಜ್ಜ, ಕಾಲು ಹಿಂದಕ್ಕೆ ತೆಗೆದುಕೊಳ್ಳುತ್ತ.

"ಯಾರಾದ್ರೂ ಆಗ್ರಿ. ಕಾಲು ಮುಂದಿಡ್ರಿ" ಎಂದರು ಚನ್ನಬಸಪ್ಪನವರು. ತಲೆ ಎತ್ತಲಿಲ್ಲ. ನೀರೆಲ್ಲ ಅವರ ಪಂಚೆಯ ಮೇಲೇ ಬೀಳುತ್ತಿತ್ತು.

ಅಜ್ಜ ಒಂದು ಕಾಲು ಮುಂದಿಟ್ಟರು. ಎತ್ತಿದ ಕಾಲು ಚನ್ನಬಸಪ್ಪನವರ ಕೈಯಲ್ಲಿ, ಇನ್ನೊಂದು ಕಾಲಿಗೆ ಅಷ್ಟು ಶಕ್ತಿಯಿರಲಿಲ್ಲ. ಹಿಂದೆ ಇಳಿದು ನಿಂತಿದ್ದ ನಮ್ಮ ಮಾವನ ಕಡೆ ತಿರುಗಿ, "ಬಸಪ್ಪಾ, ಒಸಿ ಹಿಡ್ಕೊಳೋ, ಬಿದ್ದೋಯ್ತೀನಿ" ಎಂದರು.

ನಡುವೆ ಮೂರನೆಯವರು ಯಾರೂ ಇರಲಿಲ್ಲ. ಮಾವ ಎರಡೂ ಕೈಯಿಂದ ಅವರ ತೋಳು ಹಿಡಿದುಕೊಂಡರು. "ನಿಂತ್ಕೊ ಹಾಲಪ್ಪಾ, ಹಿಡ್ಕೊಂಡಿದೀನಿ" ಎಂದರು.

ನಾನು ಅಷ್ಟನ್ನು ಕೇಳಿಸಿಕೊಂಡು ಒಳಗೆ ಓಡಿದೆ. ಒಳಕೋಣೆಯಲ್ಲಿ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ನಡುವೆ ಹಸಿರು ಬಳೆ, ಹಣೆ ತುಂಬ ಕುಂಕುಮ, ಶಾರದ. ಅಳುತ್ತಿರಲಿಲ್ಲ. ಮುಖ ಕಲ್ಲಿನಂತಿತ್ತು. ನನ್ನನ್ನು ಕಂಡು, "ಗಿರಿಜಕ್ಕಾ, ನೀನೆಲ್ಲಿಂದ ಬಂದೆ?" ಎಂದಳು.

"ನಿನ್ ಗಂಡನ್ನ ಕರ್ಕೊಂಡು ಬಂದೆ ಕಣೇ" ಎಂದೆ. "ದಾರಿ ತಪ್ಪಿ ನಮ್ಮೂರಿಗೆ ಬಂದ್ಬಿಟ್ಟಿದ್ರು. ಹೊರಗೆ ಕಾಲು ತೊಳೀತಾ ಇದಾರೆ."

ಅವಳ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹೊರಗೆ ಹೋದರು. ಅವರ ಹಿಂದೆ ಕೋಣೆಯೇ ಖಾಲಿಯಾಯಿತು. ಶಾರದ ನನ್ನ ಸೆರಗು ಹಿಡಿದು ಹತ್ತಿರಕ್ಕೆ ಎಳೆದಳು. ಏನೋ ದೊಡ್ಡ ಮಾತು ಹೇಳುತ್ತಾಳೆಂದು ನಾನೂ ಅವಳ ಪಕ್ಕ ಕೂತೆ.

"ಅಕ್ಕಾ" ಎಂದಳು, "ನಂಗೆ ಹಸಿವಾಗ್ತಾ ಐತೆ."

ಧಾರೆಗೆ ಮುಂಚೆ ಮದುವಣಗಿತ್ತಿ ಏನೂ ತಿನ್ನಬಾರದು. ಮೂಲೆಯಲ್ಲಿ ಫಲತಾಂಬೂಲದ ತಟ್ಟೆಗಳಿದ್ದವು. ನಾನು ಬಾಗಿಲ ಕಡೆ ಬೆನ್ನು ಮಾಡಿ ಕೂತು, ಸೆರಗು ಹರಡಿ, ಒಂದು ಬಾಳೆಹಣ್ಣು ಸುಲಿದು ಕೊಟ್ಟೆ. ಅವಳು ಅದನ್ನು ತಿಂದು ಮುಗಿಸಿ, ಕೈ ಚಾಚಿ ಇನ್ನೊಂದು ಕೇಳಿದಳು.